ಎಂಜಿನ್ನಿನ ಎಣ್ಣೆ ಸೋರಿಕೆ: ಎಲ್ಲಿಗೆ ಯಾವ ಪ್ಯಾಕಿಂಗು?



ಬಾವಿಯ ದಡದಲ್ಲಿ ಕೂತ ಆಯಿಲ್ ಎಂಜಿನ್ನು, ಅದರ ಕೆಳಗೆ ಕಪ್ಪು ಕೆಸರು, ಎಣ್ಣೆ ಹಿಡಿಯಲು ಒಂದು ಹಳೇ ಡಬ್ಬ. "ಸೋರಿದ್ರೆ ಸೋರ್ಲಿ, ಮೇಲಿಂದ ಹಾಕಿದ್ರಾಯ್ತು" ಎನ್ನುವವರೇ ಹೆಚ್ಚು. ಸೆಕೆಂಡಿಗೊಂದು ಹನಿ ಬಿದ್ದರೂ 10 ಗಂಟೆಯ ಓಟಕ್ಕೆ ಲೀಟರಿನಷ್ಟು ಎಣ್ಣೆ ಹೋಗುತ್ತದೆ. ಮಟ್ಟ ನೋಡದೆ ರಾತ್ರಿಯೆಲ್ಲ ನೀರು ಹಾಯಿಸಿದರೆ ಬೇರಿಂಗು ಸುಟ್ಟು, ಪೈರಿಗೆ ನೀರು ಬೇಕಾದಾಗಲೇ ಎಂಜಿನ್ನು ಕಚ್ಚಿಕೊಳ್ಳುತ್ತದೆ. ಎಣ್ಣೆ ಬಾವಿಗಿಳಿದರೆ ಕುಡಿಯುವ ನೀರೂ ಕೆಟ್ಟಿತು.

ಸೋರಿದ ಕೂಡಲೇ ಸ್ಪ್ಯಾನರ್ ಹಿಡಿಯಬೇಡಿ. ಮೊದಲು ಕ್ರ್ಯಾಂಕ್‌ಕೇಸಿನ ಬ್ರೀದರ್, ಅಂದರೆ ಅದು ಉಸಿರಾಡುವ ಕಿಂಡಿಯನ್ನು ನೋಡಿ. ಅದರಲ್ಲಿ ಕಸ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಂಥ ಹೊಸ ಪ್ಯಾಕಿಂಗ್ ಹಾಕಿದರೂ ಎಣ್ಣೆ ಹೊರಗೆ ನೂಕುತ್ತದೆ. ಕಿಂಡಿ ಶುದ್ಧವಾಗಿದ್ದರೆ, ತಣ್ಣಗಿರುವ ಎಂಜಿನ್ನನ್ನು ಡೀಸೆಲ್ಲಿನಿಂದ ತೊಳೆದು, ಒರೆಸಿ ಒಣಗಿಸಿ, ಸ್ವಲ್ಪ ಹೊತ್ತು ಓಡಿಸಿರಿ. ಎಲ್ಲಕ್ಕಿಂತ ಮೇಲೆ ಎಲ್ಲಿ ಒದ್ದೆ ಕಾಣುವುದೋ ಸೋರಿಕೆಯ ಮೂಲ ಅಲ್ಲೇ.

ಈಗ ಪ್ಯಾಕಿಂಗಿನ ಮಾತು. ಎರಕದ ಮುಖಗಳು ಸಮನಾಗಿ ಕೂರುವ ಕ್ರ್ಯಾಂಕ್‌ಕೇಸ್ ಬಾಗಿಲಿಗೆ ಗ್ಯಾಸ್ಕೆಟ್ ಕಾಗದ ಸಾಕು. ಮೇಲಿನ ರಾಕರ್ ಮುಚ್ಚಳ ತಗಡಿನದಾದರೆ ಅದು ಅಲ್ಪಸ್ವಲ್ಪ ಬಾಗಿರುತ್ತದೆ, ಅಲ್ಲಿಗೆ ಮೆತ್ತನೆಯ ಕಾರ್ಕ್ ಒಳ್ಳೆಯದು. ಕಾರ್ಕನ್ನು ವಿಪರೀತ ಬಿಗಿದರೆ ಸೀಳುತ್ತದೆ, ತಗಡೂ ಬಾಗುತ್ತದೆ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕುವ ರೂಢಿಯನ್ನು ಬಿಡಬೇಕು: ಆ ರಬ್ಬರು ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆಗೆ ತಡೆಯುವುದು ನೈಟ್ರೈಲ್ ರಬ್ಬರು. ಹೆಡ್ಡಿಗೆ ಮಾತ್ರ ತಯಾರಕರು ಹೇಳಿದ ಪ್ಯಾಕಿಂಗೇ ಬೇಕು. ಅಲ್ಲಿನ ಬೆಂಕಿಗೂ ಒತ್ತಡಕ್ಕೂ ಕಾಗದವಾಗಲಿ ಪೇಸ್ಟಾಗಲಿ ನಿಲ್ಲವು.

ದಪ್ಪದ ಲೆಕ್ಕವನ್ನು ಅನೇಕರು ಮರೆಯುತ್ತಾರೆ. ಕೆಲವು ಎಂಜಿನ್ನುಗಳಲ್ಲಿ ಡೀಸೆಲ್ ಪಂಪಿನ ಕೆಳಗಿನ ತೆಳು ಹಾಳೆಗಳು ಸೋರಿಕೆ ತಡೆಯಲಿಕ್ಕಲ್ಲ, ಡೀಸೆಲ್ ಚಿಮ್ಮುವ ಸಮಯ ಹೊಂದಿಸಲಿಕ್ಕೆ ಇರುತ್ತವೆ. ಎಷ್ಟು ಬಿಚ್ಚಿದಿರೋ ಅಷ್ಟೇ ದಪ್ಪ ತಿರುಗಿ ಹಾಕಿರಿ.

ಅಂಗಡಿಯ ಸಿಲಿಕೋನ್ ಪೇಸ್ಟು ಒಳ್ಳೆಯ ವಸ್ತುವೇ, ಆದರೆ ನಮ್ಮವರು ಮದುವೆ ಮನೆಯ ತುಪ್ಪದಂತೆ ಸುರಿಯುತ್ತಾರೆ! ಹೆಚ್ಚಾದದ್ದು ಒಳಕ್ಕೆ ಹಿಂಡಿ, ತುಂಡಾಗಿ, ಎಣ್ಣೆಯ ಜಾಲರಿ ಕಟ್ಟುತ್ತದೆ. 2-3 ಮಿಲಿಮೀಟರಿನ ಒಂದೇ ಎಳೆ, ಬೋಲ್ಟಿನ ತೂತಿನ ಒಳಬದಿಗೆ ಬರಲಿ. ಎಣ್ಣೆಯ ಅಂಟು ಉಳಿದಲ್ಲಿ ಪೇಸ್ಟು ಹಿಡಿಯದು. ಕೈಯಿಂದ ತಿರುಗಿಸಿ ಕೂರಿಸಿ, ಗಟ್ಟಿಯಾದ ಮೇಲೆ ಬಿಗಿದು, ಒಂದು ದಿನ ಬಿಟ್ಟು ಓಡಿಸಿರಿ. ಡೀಸೆಲ್ ತಾಗುವ ಕಡೆ ಇದು ಬೇಡ. ಕಾಗದದ ಪ್ಯಾಕಿಂಗಿಗೆ ತೆಳುವಾಗಿ ಶೆಲ್ಯಾಕ್ ಹಚ್ಚಬಹುದು. ಅದು ನಮ್ಮ ಅರಗಿನಿಂದಲೇ ಆದದ್ದು.

ಫ್ಲೈವೀಲಿನ ಬದಿ ಶಾಫ್ಟು ಹೊರಬರುವಲ್ಲಿ ಸೋರಿದರೆ ಯಾವ ಪೇಸ್ಟೂ ಉಪಯೋಗವಿಲ್ಲ. ಆಯಿಲ್ ಸೀಲು ಬದಲಿಸಬೇಕು. ಬೇರಿಂಗು ಸವೆದು ಶಾಫ್ಟು ಅಲುಗಾಡುತ್ತಿದ್ದರೆ ಮೊದಲು ಮಿಸ್ತ್ರಿಗೆ ತೋರಿಸಿರಿ.

ಹಳೆಯ ಎಂಜಿನ್ನುಗಳ ಪ್ಯಾಕಿಂಗಿನಲ್ಲಿ ಕಲ್ನಾರು ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒಣಗಿದ್ದನ್ನು ಉಜ್ಜಬೇಡಿ, ಊದಬೇಡಿ. ನೀರಿನಿಂದ ಚೆನ್ನಾಗಿ ನೆನೆಸಿ ಮೆಲ್ಲನೆ ಎಬ್ಬಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಆ ಹೊತ್ತಿನಲ್ಲಿ ಮಕ್ಕಳು ಹತ್ತಿರ ಸುಳಿಯದಿರಲಿ.