ಸೈಕಲ್ ಜತೆ ನಾಯಿಯ ಓಟ: ಎಚ್ಚರ ಇರಲಿ

ಬೆಳಗಿನ ಹೊತ್ತು ಸೈಕಲ್ ತುಳಿಯುವುದು ಆರೋಗ್ಯಕ್ಕೆ ಒಳ್ಳೆಯದು. ಜತೆಗೆ ಮನೆಯ ನಾಯಿಯನ್ನೂ ಓಡಿಸಿದರೆ ಅದಕ್ಕೂ ವ್ಯಾಯಾಮವಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಆಗಬಹುದು. ಆದರೆ ಒಂದು ಮಾತು ನೆನಪಿಡಿ. ಸುಸ್ತಾದರೆ ನೀವು ನಿಲ್ಲುತ್ತೀರಿ. ನಾಯಿಯಾದರೋ ಯಜಮಾನನ ಜತೆ ಕುಸಿದು ಬೀಳುವವರೆಗೂ ಓಡೀತು.

ಮೊದಲು ಪಶುವೈದ್ಯರಿಗೆ ತೋರಿಸಿ. ಮರಿಯ ಮೂಳೆ ಬಲಿಯಲು ಒಂದರಿಂದ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ನಡಿಗೆ, ಆಟ ಸಾಕು. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ, ಮುದಿ ನಾಯಿಗೆ, ಹೃದಯ ಅಥವಾ ಕೀಲಿನ ತೊಂದರೆ ಇರುವ ನಾಯಿಗೆ ಈ ಓಟ ಬೇಡ. ಮುಧೋಳ ನಾಯಿ ಹುಟ್ಟು ಓಟಗಾರ. ಆದರೆ ಅದು ಕಣ್ಣಿಟ್ಟು ಬೇಟೆಯಾಡುವ ತಳಿ. ಬೆಕ್ಕು ಕಂಡರೆ ತಟ್ಟನೆ ನೆಗೆದು ನಿಮ್ಮನ್ನೂ ಕೆಡವೀತು. ಆದ್ದರಿಂದ ಅಭ್ಯಾಸ ಮುಖ್ಯ.

ಮೊದಲ ದಿನಗಳಲ್ಲಿ ನಿಲ್ಲಿಸಿದ ಸೈಕಲ್ಲನ್ನು ನಾಯಿ ಮೂಸಿ ನೋಡಲಿ. ಹೆದರದಿದ್ದರೆ ತಿಂಡಿ ಕೊಟ್ಟು ಮೆಚ್ಚಿ. ಆಮೇಲೆ ಸೈಕಲ್ ತಳ್ಳಿಕೊಂಡು ಜತೆಗೆ ನಡೆಸಿ. ‘ನಿಲ್ಲು’, ‘ನಿಧಾನ’ ಎಂಬ ಮಾತುಗಳನ್ನು ಈಗಲೇ ಕಲಿಸಿ. ಅನಂತರ ಖಾಲಿ ಮೈದಾನದಲ್ಲಿ ಐದು ನಿಮಿಷ ಮಾತ್ರ ತುಳಿಯಿರಿ. ಸಮಯವನ್ನು ವಾರವಾರಕ್ಕೆ ಸ್ವಲ್ಪವೇ ಹೆಚ್ಚಿಸಿ. ವೇಗ ನಾಯಿಯದ್ದಾಗಿರಲಿ, ನಿಮ್ಮದಲ್ಲ.

ರಸ್ತೆಯಲ್ಲಿ ನಾಯಿ ಎಡಬದಿಗಿರಲಿ. ವಾಹನಗಳು ನಿಮ್ಮ ಬಲಕ್ಕೆ ಹಾದುಹೋಗುತ್ತವೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಹ್ಯಾಂಡಲ್‌ಗೆ ಕಟ್ಟಲೇಬೇಡಿ. ಕುತ್ತಿಗೆ ಪಟ್ಟಿಗಿಂತ ಎದೆಗೆ ಹಾಕುವ ಪಟ್ಟಿ ವಾಸಿ. ನೀವು ಹೆಲ್ಮೆಟ್ ಧರಿಸಿ.

ನಾಯಿಯ ಮೈ ನಮ್ಮಂತೆ ಬೆವರುವುದಿಲ್ಲ. ಅದು ಮುಖ್ಯವಾಗಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಆದಕಾರಣ ಬಿಸಿಲೇರುವ ಮುನ್ನವೇ ಹೊರಡಿ. ಡಾಂಬರಿನ ಮೇಲೆ ಅಂಗೈಯ ಹಿಂಬದಿಯನ್ನು ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಹೊಟ್ಟೆ ತುಂಬಾ ಉಣಿಸಿ ಓಡಿಸಬೇಡಿ. ನಡುನಡುವೆ ನಿಂತು ನೀರು ಕುಡಿಸಿ.

ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ವಿಪರೀತ ತೇಕು, ಅಂಟು ಜೊಲ್ಲು, ಕಡುಕೆಂಪು ವಸಡು, ತೂರಾಟ, ವಾಂತಿ ಇವು ಶಾಖಾಘಾತದ ಲಕ್ಷಣಗಳು. ಆಗ ಕೂಡಲೇ ನೆರಳಿಗೆ ಒಯ್ಯಿರಿ. ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ. ಎಚ್ಚರವಿದ್ದರೆ ಮಾತ್ರ ಸ್ವಲ್ಪಸ್ವಲ್ಪವೇ ನೀರು ಕುಡಿಸಿ. ಚೇತರಿಸಿಕೊಂಡಂತೆ ಕಂಡರೂ ಪಶುವೈದ್ಯರಲ್ಲಿಗೆ ಕರೆದೊಯ್ಯಲು ತಡಮಾಡಬೇಡಿ. ಒಳಗಿನ ಅಂಗಗಳಿಗಾದ ಹಾನಿ ತಡವಾಗಿ ತಿಳಿಯಬಹುದು.

ನಾಯಿ ಹಿಂದೆ ಬಿದ್ದರೆ, ಕುಂಟಿದರೆ ಅಂದಿನ ಓಟ ಮುಗಿಯಿತೆಂದೇ ತಿಳಿಯಿರಿ. ಸೈಕಲ್ಲಿನಿಂದ ಇಳಿದು ಅದರ ಜತೆ ಮನೆಗೆ ನಡೆದುಬನ್ನಿ. ಅದೂ ವ್ಯಾಯಾಮವೇ.