ಕನ್ನಡವು ‘ಕೆನರೀಸ್’ ಆದ ಬಗೆ

ಬೈಲಹೊಂಗಲ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ ಒಕ್ಕುಂದ ಗ್ರಾಮಕ್ಕೆ ಕನ್ನಡ ನುಡಿಯ ಚರಿತ್ರೆಯಲ್ಲಿ ವಿಶಿಷ್ಟ ಸ್ಥಾನವಿದೆ. ಕ್ರಿ.ಶ. 850ರ ಸುಮಾರಿನ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಪುಲಿಗೆರೆಗಳೊಡನೆ ಹೇಳುವ ಒಂಕುಂದವೇ ಈ ಊರೆಂಬುದು ವಿದ್ವಾಂಸರ ಅಭಿಪ್ರಾಯ. ನಾಡಿಗೂ ನುಡಿಗೂ ‘ಕನ್ನಡ’ ಎಂಬ ಹೆಸರು ಅಂದೇ ರೂಢಿಯಲ್ಲಿತ್ತು. ಆದರೂ ಏಳು ಶತಮಾನಗಳ ತರುವಾಯ ಬಂದ ಐರೋಪ್ಯರ ಬರಹಗಳಲ್ಲಿ ಈ ಹೆಸರು ಕಾನಾರಾ, ಕಾನಾರಿಂ, ಕೆನರೀಸ್, ಕರ್ನಾಟಕ ಎಂದು ನಾನಾ ರೂಪಗಳನ್ನು ತಾಳಿತು.

ಡಕಾರ ರಕಾರವಾದದ್ದು

ಈ ಬದಲಾವಣೆಗೆ ಮುಖ್ಯ ಕಾರಣ ಕಿವಿ. ಪೋರ್ಚುಗೀಸ್ ಭಾಷೆಯಲ್ಲಿ ಕನ್ನಡದ ಮೂರ್ಧನ್ಯ ‘ಡ’ಕಾರವಿಲ್ಲ. ಎರಡು ಸ್ವರಗಳ ನಡುವಿನ ‘ಡ’ ಅವರಿಗೆ ‘ರ’ದಂತೆ ಕೇಳಿಸಿತು. ‘ಕನ್ನಡ’ವು ‘ಕಾನಾರಾ’ ಆದದ್ದು ಹೀಗೆ. ಆಂಗ್ಲರು ಧಾರವಾಡವನ್ನು ‘ಧಾರ್ವಾರ್’ ಎಂದು ಬರೆದುದೂ ಇದೇ ಬಗೆಯದು. ‘ಕೆನರಾ’ಕ್ಕೆ ಇಂಗ್ಲಿಷಿನ ‘ಈಸ್’ ಪ್ರತ್ಯಯ ಸೇರಿ, ಚೈನೀಸ್, ಜಪಾನೀಸ್ ಎಂಬಂತೆ, ‘ಕೆನರೀಸ್’ ಹುಟ್ಟಿತು.

ಹೆಸರು ಅನ್ಯರ ಪಾಲಾದದ್ದು

ಉಚ್ಚಾರದ ದೋಷಕ್ಕಿಂತ ದೊಡ್ಡದು ಅರ್ಥದ ಗೊಂದಲ. ಗೋವೆಯ ಪೋರ್ಚುಗೀಸರು ಕೊಂಕಣಿ ಮಾತನಾಡುವವರನ್ನೇ ‘ಕಾನಾರಿಂ’ ಎಂದು ಕರೆದರು. ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದು, 1640ರಲ್ಲಿ ರಾಚೋಲ್‌ನಲ್ಲಿ ಅಚ್ಚಾದ ‘ಕಾನಾರಿಂ’ ಭಾಷೆಯ ವ್ಯಾಕರಣವು ವಾಸ್ತವದಲ್ಲಿ ಕೊಂಕಣಿ ವ್ಯಾಕರಣ. ‘ಕರ್ನಾಟಿಕ್’ ಎಂಬ ಹೆಸರಿನ ಗತಿಯೂ ಇದೇ. ಆಂಗ್ಲರ ಬಳಕೆಯಲ್ಲಿ ಅದು ಘಟ್ಟದ ಕೆಳಗಿನ ಆರ್ಕಾಟ್ ನವಾಬರ ತಮಿಳು ಸೀಮೆಗೆ ಅಂಟಿಕೊಂಡಿತು. ‘ಕರ್ನಾಟಿಕ್ ಯುದ್ಧ’ಗಳು ನಡೆದದ್ದು ಕನ್ನಡ ನಾಡಿನಲ್ಲಲ್ಲ.

‘ದಕ್ಷಿಣ ಮರಾಠಾ ದೇಶ’

ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗೆ ಇನ್ನೂ ಒಂದು ಹೆಸರು ಬಂದಿತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಅಳಿದ ಬಳಿಕ ಬ್ರಿಟಿಷರು ಬೆಳಗಾವಿ-ಧಾರವಾಡ ಪ್ರದೇಶವನ್ನು ‘ದಕ್ಷಿಣ ಮರಾಠಾ ದೇಶ’ ಎಂದು ದಾಖಲೆಗಳಲ್ಲಿ ಬರೆದರು. ಹೆಸರು ಬಂದುದು ಆಳುವವರಿಂದ, ಪ್ರಜೆಗಳ ನುಡಿಯಿಂದಲ್ಲ. ರಾಮದುರ್ಗ ಸಂಸ್ಥಾನವನ್ನೂ ದಕ್ಷಿಣ ಮರಾಠಾ ಜಹಗೀರುಗಳ ಸಾಲಿಗೆ ಸೇರಿಸಲಾಯಿತು. ಕನ್ನಡದ ಮಕ್ಕಳಿಗೂ ಸರಕಾರಿ ಶಾಲೆಗಳಲ್ಲಿ ಮೊದಮೊದಲು ಮರಾಠಿಯೇ ದೊರೆಯಿತು. ಇದನ್ನು ಬದಲಿಸಲು ಡೆಪ್ಯುಟಿ ಚನ್ನಬಸಪ್ಪನವರಂಥ ಶಿಕ್ಷಣಾಧಿಕಾರಿಗಳು ಶ್ರಮಿಸಬೇಕಾಯಿತು.

ವಿಪರ್ಯಾಸವೆಂದರೆ, ಸದರ್ನ್ ಮರಾಠಾ ರೇಲ್ವೆ ಕಂಪನಿ ಸ್ಥಾಪನೆಯಾದ 1882ರಲ್ಲಿಯೇ, ಸವದತ್ತಿಯ ರಟ್ಟರನ್ನೂ ಒಳಗೊಂಡ ರಾಜವಂಶಗಳ ಚರಿತ್ರೆಯನ್ನು ಜೆ.ಎಫ್. ಫ್ಲೀಟ್ ಪ್ರಕಟಿಸಿದರು. ಅದರ ಶೀರ್ಷಿಕೆಯಲ್ಲಿ ಇದೇ ಪ್ರದೇಶ ಮುಂಬಯಿ ಪ್ರಾಂತದ ‘ಕೆನರೀಸ್ ಜಿಲ್ಲೆಗಳು’ ಎನಿಸಿದೆ. ಆಡಳಿತದವರು ಮರಾಠಾ ಎಂದುದನ್ನು ಶಾಸನ ಓದಿದವರು ಕನ್ನಡವೆಂದು ಗುರುತಿಸಿದರು.

ಸ್ವಂತ ಹೆಸರಿನತ್ತ

ವಿಲಿಯಂ ಕೇರಿಯ 1817ರ ವ್ಯಾಕರಣದಲ್ಲಿ ಭಾಷೆಯ ಹೆಸರು ‘ಕರ್ಣಾಟ’, ಮೆಕೆರೆಲ್‌ನ 1820ರ ವ್ಯಾಕರಣದಲ್ಲಿ ‘ಕರ್ನಾಟಕ’. ಜರ್ಮನಿಯ ಫರ್ಡಿನಾಂಡ್ ಕಿಟೆಲ್ ಅವರ 1894ರ ನಿಘಂಟಿನ ಮುಖಪುಟದಲ್ಲಿ ‘ಕನ್ನಡ’ ಎಂದೇ ಅಚ್ಚಾಯಿತು. ಆದರೂ ಸರಕಾರಿ ಬರಹಗಳಲ್ಲಿ ‘ಕೆನರೀಸ್’ ಬಹುಕಾಲ ಉಳಿಯಿತು. 1950ರ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ‘ಕನ್ನಡ’ ಸ್ಥಾನ ಪಡೆಯಿತು. ಇಂಗ್ಲಿಷ್, ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ಇಂದು ಅದೇ ರೂಢಿ. ಸ್ಪ್ಯಾನಿಷ್‌ನಲ್ಲಿ ‘ಕನರೇಸ್’ ಇನ್ನೂ ಇದೆ.

ನ್ಯೂಜಿಲೆಂಡಿನ ಮಾವೊರಿ ಜನರ ಅನುಭವವೂ ಹೋಲುವಂಥದು. ಅವರ ನುಡಿಯಲ್ಲಿ ‘ಮಾವೊರಿ’ ಎಂದರೆ ಸಾಮಾನ್ಯ, ಸಹಜ ಎಂದರ್ಥ. ಮೊದಲ ಆಂಗ್ಲ ಬರಹಗಾರರು ಅವರನ್ನು ‘ನ್ಯೂಜಿಲೆಂಡರ್ಸ್’ ಎಂದೇ ಕರೆದರು. ಮುಂದೆ ಆ ಹೆಸರು ಬಿಳಿಯ ವಲಸಿಗರ ಪಾಲಾಯಿತು. 1987ರಲ್ಲಿ ಮಾವೊರಿ ಅಧಿಕೃತ ಭಾಷೆಯಾಯಿತು. ಇಂದು ಅಲ್ಲಿನ ಇಂಗ್ಲಿಷ್ ಪತ್ರಿಕೆಗಳು ಆ ಪದವನ್ನು ದೀರ್ಘಸ್ವರದ ಗುರುತಿನೊಡನೆ, ಇಂಗ್ಲಿಷ್ ಬಹುವಚನ ಪ್ರತ್ಯಯವಿಲ್ಲದೆ ಬರೆಯುತ್ತವೆ.

ಈ ಭಾಗದಲ್ಲಿಯೂ ಹೆಸರಿನ ಕಾರ್ಯ ನಿಂತಿಲ್ಲ. 1956ರ ಏಕೀಕರಣದ ನಂತರವೂ ಉಳಿದಿದ್ದ ‘ಮುಂಬೈ ಕರ್ನಾಟಕ’ ಎಂಬ ಹೆಸರು 2021ರ ನವೆಂಬರ್‌ನಲ್ಲಿ ‘ಕಿತ್ತೂರು ಕರ್ನಾಟಕ’ ಆಯಿತು. ಆದರೆ ಹಳೆಯ ದಾಖಲೆಗಳು ಬದಲಾಗುವುದಿಲ್ಲ. ಊರಿನ ಚರಿತ್ರೆಯನ್ನು ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲಿ ಹುಡುಕುವವರು ಬೈಲಹೊಂಗಲವನ್ನು ‘ಸಂಪಗಾಂವ’ ತಾಲೂಕಿನಲ್ಲಿಯೂ, ಸವದತ್ತಿಯನ್ನು ‘ಪರಸಗಡ’ ತಾಲೂಕಿನಲ್ಲಿ ‘ಸೌಂದತ್ತಿ’ ಎಂಬ ಹೆಸರಿನಲ್ಲಿಯೂ, ತಮ್ಮ ನುಡಿಯನ್ನು ‘ಕೆನರೀಸ್’ ಎಂಬ ಹೆಸರಿನಲ್ಲಿಯೂ ಅರಸಬೇಕು. ಸುಗಂಧವರ್ತಿ ಎಂಬ ಮೂಲ ಹೆಸರಂತೂ ಶಾಸನಗಳಲ್ಲಿಯೇ ಸಿಗುತ್ತದೆ.