ಮೈಮೇಲೆ ನೆಗೆಯುವ ನಾಯಿ

ನಮ್ಮ ಬೀದಿಯ ಒಂದು ಮನೆಯಲ್ಲಿ ಕೆಂಚನೆಂಬ ನಾಯಿಯೊಂದಿದೆ. ಹೆಸರಾಂತ ತಳಿಯದೇನೂ ಅಲ್ಲ, ಊರನಾಯಿಯೇ. ಮರಿಯಾಗಿದ್ದಾಗ ಅದು ಶಾಲೆಯಿಂದ ಬಂದ ಹುಡುಗನ ಮೊಣಕಾಲಿಗೆ ಮುಂಗಾಲುಗಳನ್ನೂರಿ ನಿಲ್ಲುತ್ತಿತ್ತು. ಮನೆಯವರೆಲ್ಲರೂ ನಗುತ್ತಿದ್ದರು, ಎತ್ತಿಕೊಂಡು ಮುದ್ದಿಸುತ್ತಿದ್ದರು. ವರ್ಷ ತುಂಬುವಷ್ಟರಲ್ಲಿ ಮರಿಯು 18 ಕಿಲೋಗ್ರಾಂ ತೂಕದ ನಾಯಿಯಾಯಿತು. ಅದರ ಪ್ರೀತಿಯೂ ಬದಲಾಗಲಿಲ್ಲ, ಪ್ರೀತಿಯನ್ನು ತೋರುವ ರೀತಿಯೂ ಬದಲಾಗಲಿಲ್ಲ. ಒಂದು ಸಂಜೆ ದೇವಸ್ಥಾನದಿಂದ ಮರಳಿದ ಅಜ್ಜಿಯವರ ಮೇಲೆ ಅದು ನೆಗೆಯಿತು. ಅವರು ಹೊಸ್ತಿಲ ಬಳಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡರು. ನಾಯಿಯನ್ನು ಊರಾಚೆ ಬಿಟ್ಟುಬರುವ ಮಾತು ಆ ರಾತ್ರಿಯೇ ಎದ್ದಿತು. ಈ ಚಾಳಿಯನ್ನು ಬಿಡಿಸುವುದು ಸಾಧ್ಯವೇ ಎಂದು ಮನೆಯ ಯಜಮಾನರು ನಮ್ಮನ್ನು ಕೇಳಿದರು. ಸಾಧ್ಯವೇನೋ ಹೌದು, ಆದರೆ ನಾಯಿಯು ಏಕೆ ನೆಗೆಯುತ್ತದೆ, ಬೈದರೂ ಏಕೆ ಬಿಡುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ನಾಯಿಯು ಪ್ರಾಚೀನ ತೋಳಗಳ ಸಂತತಿಯದು. ಬೇಟೆಯಿಂದ ಮರಳಿದ ಹಿರಿಯ ತೋಳವನ್ನು ಮರಿಗಳು ಮುತ್ತಿಕೊಂಡು ಅದರ ಬಾಯನ್ನು ನೆಕ್ಕುತ್ತವೆ, ಮೂತಿಯಿಂದ ತಿವಿಯುತ್ತವೆ. ಈ ತಿವಿತದಿಂದ ಪ್ರಚೋದನೆಗೊಂಡ ತೋಳವು ಹೊಟ್ಟೆಯಲ್ಲಿ ತುಂಬಿ ತಂದ ಮಾಂಸವನ್ನು ಕಕ್ಕುತ್ತದೆ. ಮರಿಗಳಿಗೆ ಅದೇ ಊಟ. ಬೆಳೆದ ಮೇಲೆ ಈ ಊಟದ ಅಗತ್ಯವಿಲ್ಲ. ಆದರೂ ಬಾಯಿಗೆ ಬಾಯಿ ತಾಗಿಸುವ ವರ್ತನೆಯು ಉಳಿದುಕೊಂಡು ವಂದನೆಯ ರೂಪವನ್ನು ತಾಳುತ್ತದೆ. ನಾಯಿಗಳಲ್ಲಿಯೂ ಹಾಗೆಯೇ. ಆದರೆ ಮನುಷ್ಯನ ಬಾಯಿ ಇರುವುದು ನೆಲದಿಂದ ಸುಮಾರು ಐದಡಿ ಎತ್ತರದಲ್ಲಿ. ಅಲ್ಲಿಗೆ ತಲುಪಬೇಕಾದರೆ ನಾಯಿಯು ನೆಗೆಯಲೇಬೇಕಷ್ಟೆ!

ನೆಗೆಯುವ ನಾಯಿಯು ಯಜಮಾನನ ಮೇಲೆ ಅಧಿಕಾರ ಚಲಾಯಿಸಲು ಯತ್ನಿಸುತ್ತಿದೆ, ಅದನ್ನು ಮಣಿಸಿ ಸ್ಥಾನ ತೋರಿಸಬೇಕು ಎಂಬ ಅಭಿಪ್ರಾಯವೊಂದು ಬಹುಕಾಲದಿಂದ ಪ್ರಚಾರದಲ್ಲಿದೆ. ಇದರ ಬೇರು ತೋಳಗಳ ಕುರಿತ ಒಂದು ಅಧ್ಯಯನದಲ್ಲಿದೆ. ಸ್ವಿಟ್ಸರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಗಮನಿಸಿದ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿಯು 1947ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಆವರಣದೊಳಗೆ ಕೂಡಿಹಾಕಿದ ಆ ತೋಳಗಳು ಮೇಲುಸ್ಥಾನಕ್ಕಾಗಿ ಸೆಣಸಾಡುತ್ತಿದ್ದವು. ಕಾಡಿನ ತೋಳಗಳ ಹಿಂಡಿಗೂ ಇದೇ ಮಾತು ಅನ್ವಯಿಸುತ್ತದೆಂದು ನಂಬಲಾಯಿತು. ಅಮೆರಿಕದ ಡೇವಿಡ್ ಮೆಕ್ ಅವರ 1970ರ ಗ್ರಂಥದಿಂದ ಈ ನಂಬಿಕೆಯು ಇನ್ನಷ್ಟು ಹರಡಿತು. ಆದರೆ ಕಾಡಿನ ಹಿಂಡು ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳಿರುವ ಒಂದು ಸಂಸಾರವೇ ಹೊರತು ಪಟ್ಟಕ್ಕಾಗಿ ಹೋರಾಡುವ ದಂಡಲ್ಲವೆಂದು ಅದೇ ಮೆಕ್ ಅವರು 1999ರಲ್ಲಿ ಬರೆದು ಹಿಂದಿನ ಚಿತ್ರವನ್ನು ತಿದ್ದಿದರು. ತನ್ನ ಮಾತನ್ನು ತಾನೇ ತಿದ್ದಿಕೊಳ್ಳುವ ವಿಜ್ಞಾನಿಯ ಈ ಗುಣವು ನಾಯಿ ಸಾಕುವವರೆಲ್ಲರಿಗೂ ಇನ್ನೂ ಬಂದಂತಿಲ್ಲ. ಎದೆಗೆ ಮೊಣಕಾಲಿನಿಂದ ಗುದ್ದುವ, ಹಿಂಗಾಲ ಬೆರಳುಗಳನ್ನು ತುಳಿಯುವ ಸಲಹೆಗಳು ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತಲೇ ಇವೆ. ವಂದಿಸಲು ಬಂದ ಪ್ರಾಣಿಗೆ ನೋವಾದರೆ ಅದು ಕಲಿಯುವುದು ವಿನಯವನ್ನಲ್ಲ, ಹೆದರಿಕೆಯನ್ನು. ಹೆದರಿದ ನಾಯಿಯು ಕಚ್ಚುವ ಸಂಭವವು ಹೆಚ್ಚು.

ನೆಗೆತದ ಮೂಲವು ಹುಟ್ಟುಗುಣದಲ್ಲಿದ್ದರೂ ಅದು ಚಾಳಿಯಾಗಿ ನೆಲೆಯೂರುವುದು ಕಲಿಕೆಯಿಂದ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಅವರು ಹಸಿದ ಬೆಕ್ಕುಗಳನ್ನು ಪೆಟ್ಟಿಗೆಗಳಲ್ಲಿಟ್ಟು, ಹೊರಗೆ ಆಹಾರವನ್ನಿಟ್ಟು ನಡೆಸಿದ ಪ್ರಯೋಗಗಳನ್ನು 1898ರಲ್ಲಿ ಪ್ರಕಟಿಸಿದರು. ಬೆಕ್ಕು ಪರಚಾಡುತ್ತಾ ಆಕಸ್ಮಿಕವಾಗಿ ಅಗುಳಿಯನ್ನು ಬಿಡಿಸಿ ಹೊರಬರುತ್ತಿತ್ತು. ಮತ್ತೆ ಮತ್ತೆ ಒಳಗಿಟ್ಟಾಗ ವ್ಯರ್ಥ ಚೇಷ್ಟೆಗಳು ಕಡಮೆಯಾಗಿ, ಫಲಕೊಟ್ಟ ಚೇಷ್ಟೆಯು ಬೇಗಬೇಗನೆ ಬರತೊಡಗಿತು. ಯಾವ ಕ್ರಿಯೆಯ ಬೆನ್ನಿಗೆ ತೃಪ್ತಿಯು ದೊರೆಯುವುದೋ ಆ ಕ್ರಿಯೆಯು ಬೇರೂರುತ್ತದೆ.

ನೆಗೆದ ನಾಯಿಗೆ ದೊರೆಯುವ ಕೂಲಿಯೇನು? ತಿಂಡಿಯೇ ಆಗಬೇಕೆಂದಿಲ್ಲ. ಹಗಲೆಲ್ಲ ಒಂಟಿಯಾಗಿದ್ದ ನಾಯಿಗೆ ಮನುಷ್ಯನ ನೋಟ, ಮಾತು, ಸ್ಪರ್ಶ ಇವೇ ದೊಡ್ಡ ಸಂಬಳ. "ಥೂ, ಇಳಿ!" ಎಂದು ಕೂಗುತ್ತಾ ಎರಡು ಕೈಗಳಿಂದ ನೂಕಿದಾಗ ಈ ಮೂರನ್ನೂ ನಾವು ಒಮ್ಮೆಗೇ ಕೊಟ್ಟಂತಾಯಿತು. ನಾವು ಗದರಿಸಿದೆವೆಂದುಕೊಳ್ಳುತ್ತೇವೆ, ನಾಯಿಯು ಆಟ ಮೊದಲಾಯಿತೆಂದುಕೊಳ್ಳುತ್ತದೆ.

ಇದಕ್ಕಿಂತಲೂ ತೊಡಕಿನ ಸಂಗತಿಯೊಂದಿದೆ. ಕೆಂಚನ ಮನೆಯಲ್ಲಿ ತಂದೆಯು ಬೈಯುತ್ತಿದ್ದರು, ತಾಯಿಯು ದೂಡುತ್ತಿದ್ದರು, ಹುಡುಗನು ಮಾತ್ರ ತಬ್ಬಿಕೊಳ್ಳುತ್ತಿದ್ದನು. ತಂದೆಯೂ ಭಾನುವಾರದ ಹಳೆಯ ಅಂಗಿಯಲ್ಲಿದ್ದಾಗ ಬೆನ್ನು ತಟ್ಟುತ್ತಿದ್ದರು. ಹೀಗೆ ಆಗೊಮ್ಮೆ ಈಗೊಮ್ಮೆ ಫಲ ದೊರೆತರೆ ಚಾಳಿಯು ಸಡಿಲವಾದೀತೆಂದು ತೋರುವುದು ಸಹಜ. ಆಗುವುದು ತದ್ವಿರುದ್ಧ. ಸ್ಕಿನ್ನರ್ ಮತ್ತು ಫರ್ಸ್ಟರ್ ಎಂಬ ವಿಜ್ಞಾನಿಗಳು ಪಾರಿವಾಳಗಳ ಮೇಲೆ ನಡೆಸಿದ ವಿಸ್ತಾರವಾದ ಪ್ರಯೋಗಗಳನ್ನು 1957ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಕುಕ್ಕಿದಾಗಲೆಲ್ಲ ಕಾಳು ಪಡೆದ ಹಕ್ಕಿಯು ಕಾಳು ನಿಂತೊಡನೆ ಬೇಗ ಕೈಬಿಡುತ್ತದೆ; ಎಂದೋ ಒಮ್ಮೆ ಕಾಳು ಪಡೆದ ಹಕ್ಕಿಯು ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಜೂಜಾಡುವವನ ಹಠದಲ್ಲಿಯೂ ಇದೇ ನಿಯಮವು ಕೆಲಸ ಮಾಡುತ್ತದೆ. ಒಬ್ಬನು ಕದ್ದು ತಬ್ಬಿಕೊಂಡರೆ ಸಾಕು, ಉಳಿದವರ ಶ್ರಮವೆಲ್ಲ ನೀರುಪಾಲಾಗುತ್ತದೆ.

ತಡವಾದ ದಂಡನೆಯೂ ನಿರರ್ಥಕವೇ. ಅತಿಥಿಗಳು ಹೊರಟುಹೋದ ಮೇಲೆ ನಾಯಿಯನ್ನು ಕರೆದು ಬೈದರೆ ಅದು ಕಿವಿ ಮಡಚಿ ತಲೆ ತಗ್ಗಿಸುತ್ತದೆ. ತಪ್ಪು ಅರಿವಾಯಿತೆಂದು ನಾವು ಸಮಾಧಾನಪಡುತ್ತೇವೆ. ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿದುಷಿಯು 2009ರಲ್ಲಿ ಇದನ್ನು 14 ನಾಯಿಗಳಲ್ಲಿ ಪರೀಕ್ಷಿಸಿದರು. ಯಜಮಾನನು ಬೇಡವೆಂದು ಹೇಳಿಹೋದ ತಿಂಡಿಯನ್ನು ನಾಯಿಯು ತಿಂದಿದೆಯೋ ಇಲ್ಲವೋ ಎಂಬುದಕ್ಕೂ ಆ ಪೆಚ್ಚುಮುಖಕ್ಕೂ ಸಂಬಂಧ ಕಾಣಲಿಲ್ಲ. ಯಜಮಾನನು ಬೈದರೆ, ನಿರಪರಾಧಿ ನಾಯಿಯೂ ಅದೇ ಮುಖವನ್ನು ಮಾಡುತ್ತಿತ್ತು.

ಹಾಗಾದರೆ ಮಾಡಬೇಕಾದುದೇನು? ನೆಗೆತಕ್ಕೆ ದೊರೆಯುವ ಕೂಲಿಯನ್ನು ನಿಲ್ಲಿಸಿ, ಅದೇ ಕೂಲಿಯನ್ನು ಬೇರೊಂದು ಕ್ರಿಯೆಗೆ ಕೊಡಬೇಕು. ನಾಯಿಯು ನೆಗೆದೊಡನೆ ಕೈಗಳನ್ನು ಎದೆಗೆ ಕಟ್ಟಿ, ಮುಖ ತಿರುಗಿಸಿ, ಕಂಬದಂತೆ ನಿಲ್ಲುವುದು. ಮಾತಿಲ್ಲ, ನೋಟವಿಲ್ಲ. ನಾಲ್ಕು ಕಾಲುಗಳೂ ನೆಲಕ್ಕೆ ತಾಗಿದ ಕ್ಷಣದಲ್ಲಿಯೇ, ಒಂದೆರಡು ಸೆಕೆಂಡೂ ತಡಮಾಡದೆ, ಬಗ್ಗಿ ಮೃದುವಾಗಿ ಮಾತಾಡಿಸಿ ಕತ್ತನ್ನು ಸವರುವುದು. ಬಗ್ಗುವುದೂ ಮುಖ್ಯ, ಅದು ಬಯಸಿದ ಮುಖವೇ ಕೆಳಗೆ ಬಂದರೆ ನೆಗೆಯುವ ಕಾರಣವು ಕಡಮೆಯಾಗುತ್ತದೆ. ಇದರ ಜೊತೆಗೆ "ಕೂರು" ಎಂಬ ಮಾತನ್ನು ಶಾಂತ ವೇಳೆಯಲ್ಲಿ, ರೊಟ್ಟಿಯ ಚೂರನ್ನಿತ್ತು, ದಿನಕ್ಕೆ ಮೂರು ನಾಲ್ಕು ಬಾರಿ ಕಲಿಸಬೇಕು. ಕುಳಿತಿರುವ ನಾಯಿಯು ಅದೇ ಕಾಲದಲ್ಲಿ ನೆಗೆಯಲಾರದು. ಕಲಿಕೆಯು ಪಕ್ಕಾ ಆಗುವವರೆಗೆ ವೃದ್ಧರೂ ಎಳೆಯ ಮಕ್ಕಳೂ ಒಳಬರುವ ಸಮಯದಲ್ಲಿ ನಾಯಿಯನ್ನು ಹಗ್ಗದಲ್ಲಿ ಹಿಡಿದಿರುವುದು ಅವಶ್ಯ.

ಮೊದಲ ಕೆಲವು ದಿನ ಚಾಳಿಯು ಇಳಿಯುವುದರ ಬದಲು ಏರುತ್ತದೆ. ಕೂಲಿ ಬಾರದುದನ್ನು ಕಂಡ ನಾಯಿಯು ಇನ್ನೂ ಎತ್ತರಕ್ಕೆ ನೆಗೆಯುತ್ತದೆ, ಬೊಗಳುತ್ತದೆ, ಬಟ್ಟೆಯನ್ನು ಎಳೆಯುತ್ತದೆ. ಬಹುಮಂದಿ ಸೋಲುವುದು ಇಲ್ಲಿಯೇ. ಈ ಹಂತದಲ್ಲಿ ಮನಕರಗಿ ಮುದ್ದಿಸಿದರೆ, ಎತ್ತರಕ್ಕೆ ನೆಗೆದರೆ ಫಲವುಂಟೆಂಬ ಹೊಸ ಪಾಠವನ್ನು ಕಲಿಸಿದಂತಾಗುತ್ತದೆ.

ಕೈ ಕಚ್ಚಿ ಆಡುವ ಚಾಳಿಗೂ ಇದೇ ನಿಯಮ. ಮರಿಯ 28 ಹಾಲುಹಲ್ಲುಗಳು ಸೂಜಿಯಂತೆ ಚೂಪು. ಒಡಹುಟ್ಟುಗಳೊಡನೆ ಆಡುವಾಗ ಕಚ್ಚು ಬಲವಾದರೆ ಎದುರಿನ ಮರಿಯು ಕುಂಯ್‌ಗುಟ್ಟಿ ಆಟ ನಿಲ್ಲಿಸುತ್ತದೆ. ಹೀಗೆ ದವಡೆಯ ಹದವನ್ನು ಮರಿಯು ಕಲಿಯುತ್ತದೆ. ಎಂಟು ವಾರ ತುಂಬುವ ಮೊದಲೇ ತಂದ ಮರಿಗೆ ಈ ಪಾಠವು ಅರ್ಧಕ್ಕೇ ನಿಂತಿರುತ್ತದೆ. ನಾವೂ ಹಲ್ಲು ತಾಗಿದೊಡನೆ ಆಟ ನಿಲ್ಲಿಸಿ ಎದ್ದುಹೋಗಬೇಕು. ಕಚ್ಚಲು ಹಳೆಯ ಬಟ್ಟೆಯ ಗಂಟನ್ನು ಕೊಡಬೇಕು. ಆಟದ ಕಚ್ಚಾದರೂ ರಕ್ತ ಜಿನುಗಿದರೆ, ಅಥವಾ ಉಗುರಿನಿಂದ ಗೀರಾದರೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರನ್ನು ಕಾಣಬೇಕು. ರೇಬೀಸ್ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂಬಷ್ಟು ವಿರಳ. ಶಾಂತವಾಗಿದ್ದ ನಾಯಿಯು ಇದ್ದಕ್ಕಿದ್ದಂತೆ ಮೈ ಬಿಗಿದು ಗುರುಗುಟ್ಟಿದರೆ ಅದು ಚಾಳಿಯಲ್ಲ; ನೋವೋ ಕಾಯಿಲೆಯೋ ಇರಬಹುದು, ಪಶುವೈದ್ಯರಿಗೆ ತೋರಿಸಬೇಕು.

ಕೆಂಚನನ್ನು ಊರಾಚೆ ಬಿಡಲಿಲ್ಲ. ಎಲ್ಲಕ್ಕಿಂತ ಕಷ್ಟವಾದುದು ಹುಡುಗನನ್ನು ತಿದ್ದುವುದು. ಹಿತ್ತಿಲಲ್ಲಿ ಕದ್ದು ತಬ್ಬಿಕೊಳ್ಳುವುದನ್ನು ಅವನು ಬಿಡಲೊಲ್ಲನು. ಕೊನೆಗೆ ಒಂದು ಒಪ್ಪಂದವಾಯಿತು: ನೆಗೆತವು ಹಿತ್ತಿಲಲ್ಲಿ ಮಾತ್ರ, ಅದೂ ಅವನು "ಹಾರು" ಎಂದು ಎದೆ ತಟ್ಟಿದಾಗ ಮಾತ್ರ. ಸುಮಾರು ಎರಡು ತಿಂಗಳಲ್ಲಿ ನಾಯಿಯು ಈ ಭೇದವನ್ನು ಗ್ರಹಿಸಿತು. ಅಜ್ಜಿಯವರು ಕೈಯ ಪಟ್ಟಿ ಬಿಚ್ಚಿಸಿಕೊಂಡು ಬಂದ ದಿನ ಅದು ಜಗಲಿಯ ಬಳಿ ಕುಳಿತೇ ಇತ್ತು. ಬಾಲವು ಮಾತ್ರ ನೆಲವನ್ನು ಗುಡಿಸುತ್ತಿತ್ತು.